ಮಾತಿನ ಹಗ್ಗ

ಬಾವಿಗೆ ಇಳಿಯುವವನ ಜೊತೆ ಎರಡು ಹಗ್ಗ ಇಳಿಯುತ್ತವೆ. ಒಂದು ದಪ್ಪನೆಯದು, ಸೊಂಟಕ್ಕೆ ಬಿಗಿಯುವುದು; ಅದು ಮೇಲೆ ರಾಟೆಯ ಮೇಲೆ ಹಾದು ಕಲ್ಲಿನ ಕಂಬಕ್ಕೆ ಗಂಟು ಬಿದ್ದಿರುತ್ತದೆ. ಇನ್ನೊಂದು ಕಿರುಬೆರಳಿಗಿಂತ ಸಣ್ಣದು, ಮಣಿಕಟ್ಟಿಗೆ ಸುತ್ತಿಕೊಳ್ಳುವುದು. ಅದರ ಮೇಲಿನ ತುದಿಯನ್ನು ಯಾವುದಕ್ಕೂ ಕಟ್ಟುವಂತಿಲ್ಲ. ಮೇಲೆ ಕೂತವರ ಕೈಯಲ್ಲೇ ಇರಬೇಕು. ಆಳದ ಬಾವಿಯಲ್ಲಿ ಕೂಗಿದ ಮಾತು ಕೂಗಿದ ಹಾಗೆ ಮೇಲೆ ಬರುವುದಿಲ್ಲ, ಗೋಡೆಗೆ ಬಡಿದು ಬಡಿದು ಇನ್ನೇನೋ ಆಗಿ ಬರುತ್ತದೆ. ಅದಕ್ಕಾಗಿ ಈ ಸಣ್ಣ ಹಗ್ಗ. ಮಾತಿನ ಹಗ್ಗ ಎಂದೇ ಅದಕ್ಕೆ ಹೆಸರು. ಕೆಳಗಿನಿಂದ ಒಂದು ಎಳೆತ ಬಂದರೆ ‘ಇದ್ದೀಯಾ’ ಎಂದು ಕೇಳಿದ ಹಾಗೆ. ಮೇಲಿನಿಂದ ಒಂದು ಎಳೆದರೆ ‘ಇದ್ದೀನಿ’ ಎಂದ ಹಾಗೆ. ಎರಡು ಎಳೆತಕ್ಕೆ ಬುಟ್ಟಿ ಎತ್ತಬೇಕು, ಮೂರಕ್ಕೆ ಆಳನ್ನೇ ಎತ್ತಬೇಕು.

ಹಗ್ಗದಕ್ಕ ಮೂವತ್ತು ವರ್ಷದಿಂದ ಈ ಹಗ್ಗದ ಮೇಲಿನ ತುದಿ ಹಿಡಿದು ಕೂತವಳು. ಅವಳಿಗೆ ಬೇರೆ ಹೆಸರು ಇತ್ತು, ಸುತ್ತಲಿನ ಊರುಗಳವರು ಅದನ್ನು ಮರೆತಿದ್ದರು. ಗಂಡ ಬಾವಿಗಳ ಹೂಳು ತೆಗೆಯುವವನು. ಅವನಿಗೂ ಬಾವಿಯಣ್ಣ ಎಂಬುದೇ ಹೆಸರಾಗಿತ್ತು. ಅವಳಿಗೆ ಕೆಲಸ ಕಲಿಸಿದವನು ಮಾವ. ಮದುವೆಯಾಗಿ ಬಂದ ಎರಡನೆಯ ವಾರ ಅವಳನ್ನು ಒಂದು ಬಾವಿಯ ಕಟ್ಟೆಯ ಮೇಲೆ ಕೂರಿಸಿ, ಎಡಗೈಗೆ ಹಗ್ಗ ಸುತ್ತಿ, “ಉಣ್ಣೋದಾದ್ರೆ ಬಲಗೈಯಲ್ಲಿ ಉಣ್ಣವ್ವ. ನೊಣ ಓಡ್ಸೋದಾದ್ರೂ ಬಲಗೈಯಲ್ಲೇ. ಈ ಎಡಗೈ ಇವತ್ತಿನಿಂದ ನಿಂದಲ್ಲ, ಕೆಳಗಿರೋನದು,” ಎಂದಿದ್ದ.

ಮಾವ ಓದು ಬಾರದ ಮನುಷ್ಯ. ಭಾನುವಾರದ ಉದ್ದುದ್ದ ಪ್ರಾರ್ಥನೆಗಳಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ. ಪಾದ್ರಿಗಳು ಒಮ್ಮೆ ಗದರಿಸಿದ್ದಕ್ಕೆ, “ವಾರ ಪೂರ್ತಿ ಯೇಸುಸ್ವಾಮಿಯವರನ್ನ ಮಾತಾಡಿಸ್ತಾನೇ ಇರ್ತೀನಲ್ಲ ಅಯ್ಯಾ, ಇದೊಂದು ದಿನ ಅವರಿಗೂ ಬಿಡುವಿರಲಿ ಅಂತ,” ಎಂದಿದ್ದ. ಅದು ಬರೀ ತಮಾಷೆಯಾಗಿರಲಿಲ್ಲ. ಗುದ್ದಲಿಗೆ ಮರದ ಕಾವು ತೊಡಿಸುವಾಗ, ಮುಖ ತೊಳೆಯುವಾಗ, ದಾರಿಯಲ್ಲಿ ಚಪ್ಪಲಿಯೊಳಗಿನ ಕಲ್ಲು ಕೊಡವುವಾಗ, ಮಧ್ಯೆ ಒಂದು ಸಲ ಸುಮ್ಮನೆ ನಿಂತು “ಇದ್ದೀಯಾ ಸ್ವಾಮಿ” ಎನ್ನುತ್ತಿದ್ದ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಿದ್ದ. ಉತ್ತರ ಬಂತೋ ಇಲ್ಲವೋ ಬೇರೆಯವರಿಗೆ ಹೇಗೆ ತಿಳಿಯಬೇಕು? ಅವನ ಮುಖ ನೋಡಿದರೆ ಬಂದ ಹಾಗೆ ಕಾಣುತ್ತಿತ್ತು. “ಯೇಸುಸ್ವಾಮಿ ಹತ್ರ ದೊಡ್ಡ ದೊಡ್ಡ ಮಾತು ಬೇಕಿಲ್ಲ ಕಣವ್ವ. ಹಗ್ಗ ಸಡಿಲ ಬಿಡಬಾರದು, ಅಷ್ಟೇ,” ಎಂದು ಸೊಸೆಗೆ ಹೇಳಿದ್ದ. ಅವನು ತೀರಿಕೊಂಡ ಮೇಲೂ ಅವಳು ಹಾಗೇ ನಡೆದುಕೊಂಡು ಬಂದಿದ್ದಳು. ಒಲೆಯ ಮುಂದೆ, ಬಟ್ಟೆಯ ಕಲ್ಲಿನ ಮುಂದೆ, ಬಾವಿಕಟ್ಟೆಯ ಮೇಲೆ, ದಿನಕ್ಕೆ ಅದೆಷ್ಟು ಸಲವೋ.

ಮೂರು ವರ್ಷದ ಹಿಂದೆ ಒಬ್ಬಳೇ ಮಗಳು ಜ್ವರ ಬಂದು ಆಸ್ಪತ್ರೆ ಸೇರಿದಳು. ಹನ್ನೊಂದು ದಿನ ಹಗ್ಗದಕ್ಕ ಮಂಚದ ಪಕ್ಕ ಕೂತು ‘ಇದ್ದೀಯಾ’ ಎಂದು ಕೇಳಿದಳು. ಹನ್ನೊಂದನೆಯ ದಿನ ಬೆಳಗ್ಗೆ ಮಗಳು ಹೋದಳು. ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಳು.

ಇದು ಯಾರಿಗೂ ಗೊತ್ತಿರಲಿಲ್ಲ. ಭಾನುವಾರದ ಸಭೆಗೆ ಹೋಗುವುದು ತಪ್ಪಲಿಲ್ಲ. ಬಾಯಿಗೆ ಅಭ್ಯಾಸವಾದ ಪ್ರಾರ್ಥನೆ ಬಾಯಿಯಿಂದ ಸಲೀಸಾಗಿ ಬರುತ್ತಿತ್ತು. ಮೊದಲಿಗಿಂತ ಚೆನ್ನಾಗಿಯೇ ಬರುತ್ತಿತ್ತು ಎಂದು ಜನ ಹೇಳುತ್ತಿದ್ದರು. ಕಷ್ಟ ಬಂದವರು ಅವಳ ಮನೆ ಹುಡುಕಿಕೊಂಡು ಬಂದು, “ನಮಗೋಸ್ಕರ ಒಂದು ಮಾತು ಹೇಳಕ್ಕ, ಅಂಥ ದುಃಖ ನುಂಗಿದೋಳು ನೀನು,” ಎನ್ನುತ್ತಿದ್ದರು. ಅವಳು ಹೇಳುತ್ತಿದ್ದಳು. ಆಚೆ ತುದಿಯಲ್ಲಿ ಯಾರೂ ಇಲ್ಲದ ಹಗ್ಗ ಹಿಡಿದವರ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಎಲ್ಲಕ್ಕಿಂತ ಹೆಚ್ಚಾಗಿ ಗಂಡ ನಂಬಿದ್ದ. ಪ್ರತಿ ಬಾವಿಗೂ ಇಳಿಯುವ ಮುಂಚೆ ಅವನು ಟೋಪಿ ತೆಗೆದು ತಲೆ ಬಗ್ಗಿಸಿ ನಿಲ್ಲುತ್ತಿದ್ದ, ಅವಳು ಪ್ರಾರ್ಥಿಸುತ್ತಿದ್ದಳು. “ನಿನ್ನ ಆಮೆನ್ ಕಿವಿಗೆ ಬಿದ್ರೆ ಸಾಕು ಕಣೇ, ಕಾಲು ತಾನಾಗೇ ಇಳಿಯುತ್ತೆ,” ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು.

ಮಳೆಗಾಲಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಹಳೆಯ ಆಸ್ಪತ್ರೆಯ ಬಾವಿಯ ಕೆಲಸ ಬಂತು. ಆಸ್ಪತ್ರೆ ಹೆದ್ದಾರಿ ಬದಿಯ ಹೊಸ ಕಟ್ಟಡಕ್ಕೆ ಹೋಗಿ ಎರಡು ವರ್ಷವಾಗಿತ್ತು. ಹಳೆಯದನ್ನು ಯಾರೋ ಕೊಂಡು ಗೋದಾಮು ಮಾಡುವವರಿದ್ದರು, ಅದಕ್ಕೆ ಹಿತ್ತಲಿನ ಬಾವಿ ಶುಚಿಯಾಗಬೇಕಿತ್ತು. ಬಾವಿಯಣ್ಣ ಊಟ ಮಾಡುತ್ತ ತಟ್ಟೆಯನ್ನೇ ನೋಡಿಕೊಂಡು, “ಆಸ್ಪತ್ರೆ ಬಾವಿ ಅಂತೆ. ಬೇಡ ಅನ್ಸಿದ್ರೆ ಆಗಲ್ಲ ಅಂತ ಹೇಳ್ಬಿಡ್ತೀನಿ,” ಎಂದ.

“ಬಾವಿ ಬಾವೀನೇ ಅಲ್ವಾ,” ಎಂದಳು ಅವಳು, ಇನ್ನೊಂದು ಸೌಟು ಬಡಿಸುತ್ತ.

ಅಲ್ಲಿನ ಕಾವಲುಗಾರನಿಗೆ ರೇಡಿಯೋ ಎಂದು ಅಡ್ಡಹೆಸರು. ಒಂದು ಸಲ ಬಾಯಿ ತೆರೆದರೆ ಮುಚ್ಚುವವನಲ್ಲ. ಬುಟ್ಟಿ ಎಳೆಯುವುದಕ್ಕೆ ಅವನೇ ಆಳಾಗಿ ನಿಂತ. ನೀರನ್ನು ಹಿಂದಿನ ದಿನವೇ ಪಂಪಿನಲ್ಲಿ ಖಾಲಿ ಮಾಡಿದ್ದರು. ಬಾವಿಯಣ್ಣ ಮೊದಲು ಲಾಂದ್ರ ಇಳಿಬಿಟ್ಟು ನೋಡಿದ. ದೀಪ ತಳ ಮುಟ್ಟುವವರೆಗೂ ಸ್ಥಿರವಾಗಿ ಉರಿಯಿತು. ಕೆಟ್ಟ ಗಾಳಿ ಇರಲಿಲ್ಲ. ಟೋಪಿ ತೆಗೆದು ನಿಂತ. ಹಗ್ಗದಕ್ಕ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಪ್ರಾರ್ಥನೆಯ ನಡುವೆ ಒಂದು ಸಲ ಕಣ್ಣು ತೆರೆದಾಗ ಕಟ್ಟಡದ ಹಿಂಬದಿಯ ಕಿಟಕಿಗಳು ಕಂಡವು. ಎಡಗಡೆಯಿಂದ ನಾಲ್ಕನೆಯದು. ಮತ್ತೆ ಕಣ್ಣು ಮುಚ್ಚಿ ಆಮೆನ್ ಎಂದಳು.

“ಒಳಗೆ ಆಮೆ ಇರಬಹುದು ಅಣ್ಣಾ, ಕಾಲು ಹುಷಾರು,” ಎಂದ ರೇಡಿಯೋ.

“ಇದ್ರೆ ನಿನ್ನ ಬಗ್ಗೆ ವಿಚಾರಿಸ್ತೀನಿ ಬಿಡು. ಇಷ್ಟು ವರ್ಷ ನಿನ್ನ ಮಾತು ಕೇಳಿ ಕೇಳಿ ಅದೂ ಚಿಪ್ಪಿನೊಳಗೆ ಸೇರಿರುತ್ತೆ,” ಎಂದು ಬಾವಿಯಣ್ಣ ಗೋಡೆಯಿಂದ ಚಾಚಿಕೊಂಡ ಮೆಟ್ಟುಗಲ್ಲುಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಇಳಿದ.

ಮಧ್ಯಾಹ್ನದವರೆಗೆ ಮೂವತ್ತು ಬುಟ್ಟಿ ಹೂಳು ಮೇಲೆ ಬಂತು. ಔಷಧಿಯ ಸೀಸೆಗಳು, ತುಕ್ಕು ಹಿಡಿದ ಒಂದು ಬೋಗುಣಿ, ಮಗುವಿನದೊಂದು ಚಪ್ಪಲಿ. ಬುಟ್ಟಿಗೂ ಬುಟ್ಟಿಗೂ ನಡುವೆ ಮಾತಿನ ಹಗ್ಗದಲ್ಲಿ ಒಂದು ಎಳೆತ ಬರುತ್ತಿತ್ತು. ಗಿಡ್ಡನೆಯ, ಗಟ್ಟಿಯಾದ ಎಳೆತ. ಗಂಡನ ಕೈಯನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಅವಳೂ ಒಂದು ಎಳೆಯುತ್ತಿದ್ದಳು. ಊಟಕ್ಕೆ ಮೇಲೆ ಬಂದವನು ಮತ್ತೆ ಇಳಿಯುವಾಗ, “ಇನ್ನೊಂದು ಗಂಟೆ ಬುಟ್ಟಿ ಬೇಡ. ಗೋಡೆ ಸಂದಿಯಲ್ಲಿ ಗಿಡ ಬೇರು ಬಿಟ್ಟಿವೆ, ಅವನ್ನ ಕೀಳ್ತೀನಿ,” ಎಂದ. ರೇಡಿಯೋ ಇದೇ ಸಮಯವೆಂದು ಊಟಕ್ಕೆ ಮನೆಗೆ ಹೊರಟ. “ಗೇಟಿಗೆ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತೀನಿ ಅಕ್ಕಾ. ನಿಮ್ಮನ್ನ ಯಾರಾದ್ರೂ ಕದ್ಕೊಂಡು ಹೋದ್ರೆ ನಾನು ಲೆಕ್ಕ ಕೊಡೋಕಾಗಲ್ಲ,” ಎಂದ. ಸರಪಳಿಯ ಸದ್ದು, ಬೀಗ ಬಿದ್ದ ಸದ್ದು. ಆಮೇಲೆ ಹಿತ್ತಲು ಒಮ್ಮೆಲೇ ನಿಶ್ಶಬ್ದವಾಯಿತು.

ನಾಲ್ಕನೆಯ ಕಿಟಕಿಯ ಒಂದು ಬಾಗಿಲು ಅರ್ಧ ತೆರೆದಿತ್ತು. ಗಾಳಿ ಇರಲಿಲ್ಲ, ಆದರೂ ಅದು ಸ್ವಲ್ಪ ಅಲ್ಲಾಡಿತೆಂದು ಅವಳಿಗೆ ಅನ್ನಿಸಿತು.

ಕೆಳಗಿನಿಂದ ಒಂದು ಎಳೆತ ಬಂತು. ಅವಳು ಉತ್ತರ ಕೊಟ್ಟಳು. ಹಾಗೆಯೇ ಎದ್ದು ನಿಂತಳು. ಮೂವತ್ತು ವರ್ಷದಲ್ಲಿ ಮಾಡದ ಕೆಲಸವನ್ನು ಅವಳ ಕೈಗಳು ಯಾರದೋ ಕೈಗಳ ಹಾಗೆ ಮಾಡಿದವು: ಎಡಗೈಯ ಸುತ್ತು ಬಿಚ್ಚಿ, ಹಗ್ಗವನ್ನು ಕಲ್ಲಿನ ಕಂಬಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದವು. ಎಳೆದು ನೋಡಿದಳು, ಗಂಟು ಬಿಗಿಯಾಗಿತ್ತು. ಒಂದೇ ನಿಮಿಷ, ನೋಡಿ ಬಂದುಬಿಡುತ್ತೇನೆ ಎಂದುಕೊಂಡಳು.

ಆಸ್ಪತ್ರೆಯ ಒಳಗಿನ ಓಣಿಯಲ್ಲಿ ಪಾರಿವಾಳದ ಹಿಕ್ಕೆ, ಒಡೆದ ಗಾಜು. ಕೋಣೆ ತೆರೆದೇ ಇತ್ತು. ಮಂಚಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಕಿಟಕಿಯ ಪಕ್ಕದಲ್ಲಿ ಮಂಚವಿದ್ದ ಜಾಗದ ನೆಲ ಉಳಿದ ನೆಲಕ್ಕಿಂತ ತುಸು ಬೆಳ್ಳಗಿತ್ತು, ನಾಲ್ಕು ಕಾಲುಗಳ ಗುರುತು ಇತ್ತು. ಅವಳು ಕೂರುತ್ತಿದ್ದ ಕಡೆ ಗೋಡೆಯ ಸುಣ್ಣ ಬೆನ್ನೊರಗಿ ಒರಗಿ ಸವೆದಿತ್ತು. ಅಲ್ಲೇ ನೆಲದ ಮೇಲೆ ಕೂತಳು. ಬೆನ್ನು ಆ ಸವೆದ ಜಾಗಕ್ಕೆ ತಾನಾಗಿ ಹೊಂದಿಕೊಂಡಿತು.

ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಕಿಟಕಿಯ ಬಿಸಿಲು ನೆಲದ ಬಿಳಿ ಜಾಗವನ್ನು ದಾಟಿ ಅವಳ ಪಾದದವರೆಗೆ ಬಂತು. ಆಗ ಬಾಯಿ ತೆರೆದು, ಯಾರೋ ಎದುರಿಗೆ ಕೂತಿದ್ದಾರೆಂಬಂತೆ, ದನಿ ಏರಿಸದೆ ಹೇಳಿದಳು: “ಇಲ್ಲಿ ನೀನು ಇರಲಿಲ್ಲ.”

ಎಡಗೈಯ ಮಣಿಕಟ್ಟು ಸೆಳೆಯಿತು.

ಒಂದೇ ಎಳೆತ. ಕೈ ತೊಡೆಯ ಮೇಲಿಂದ ಅರ್ಧ ಗೇಣು ಸರಿಯಿತು. ಕೈಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಹಗ್ಗ ಇರಲಿಲ್ಲ. ಹಗ್ಗ ಸುತ್ತಿದ್ದ ಕಡೆ ಕೆಂಪು ಗುರುತು ಮಾತ್ರ ಇತ್ತು.

ಆಗ ಅವಳಿಗೆ ಒಂದು ನೆನಪಾಯಿತು. ಅಂದೂ ಹೀಗೆ ಆಗಿತ್ತು. ಆ ಹನ್ನೊಂದು ದಿನವೂ, ಮಗಳ ಕೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದಾಗ, ಸುಮ್ಮನಿದ್ದ ಎಡಗೈಯನ್ನು ಆಗಾಗ ಏನೋ ಸೆಳೆದ ಹಾಗಾಗುತ್ತಿತ್ತು. ಎಷ್ಟೋ ವರ್ಷ ಹಗ್ಗ ಹಿಡಿದ ಕೈಯ ಚಾಳಿ ಎಂದು ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಕೊನೆಯ ಬೆಳಗ್ಗೆ ಕೂಡ. ಮಗಳ ಉಸಿರು ನಿಂತ ಮೇಲೆ ಕೂಡ.

ಎದ್ದು, ಓಣಿಯಲ್ಲಿ ಗಾಜು ತುಳಿದುಕೊಂಡು ಓಡಿದಳು.

ಹಿತ್ತಲಿನಲ್ಲಿ ಯಾರೂ ಇರಲಿಲ್ಲ. ಗೇಟಿನ ಬೀಗ ಹಾಗೇ ಇತ್ತು. ಕಂಬಕ್ಕೆ ಹಾಕಿದ ಗಂಟು ಹಾಗೇ ಇತ್ತು, ಅವಳದೇ ಗಂಟು. ಆದರೆ ಅವಳು ಹೋಗುವಾಗ ಕಂಬದಿಂದ ಬಾವಿಕಟ್ಟೆಯವರೆಗೆ ಒಂದೇ ಗೆರೆಯಂತಿದ್ದ ಹಗ್ಗ ಈಗ ಕಟ್ಟೆಯ ಈಚೆ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಹೆಚ್ಚುಕಡಿಮೆ ಎರಡು ಮೊಳ. ಆ ಎರಡು ಮೊಳವೂ ಒದ್ದೆಯಾಗಿತ್ತು. ಬಾವಿಯ ಒಳಗೆ, ತೇವದ ಗೋಡೆಗೆ ತಗುಲಿಕೊಂಡಿರಬೇಕಾಗಿದ್ದ ಹಗ್ಗ ಅದು. ಒಣಗಿದ ಕಟ್ಟೆಯ ಕಲ್ಲಿನ ಮೇಲೆ ಅದು ಉಜ್ಜಿ ಉಜ್ಜಿ ಎಳೆದಾಡಿದ ನೀರಿನ ಪಟ್ಟಿ, ಒಂದು ಗೇಣು ಅಗಲ, ಇನ್ನೂ ಆರಿರಲಿಲ್ಲ.

ಅವಳು ಬಗ್ಗಿ ಹಗ್ಗ ಎತ್ತಿಕೊಂಡಳು. ಅಲ್ಲಿ ನೆರಳಿತ್ತು, ಹಗ್ಗ ಒದ್ದೆಯಾಗಿತ್ತು. ಆದರೂ ಒಂದು ಹಿಡಿಯಷ್ಟು ಜಾಗ ಬೆಚ್ಚಗಿತ್ತು. ಈಗ ತಾನೇ ಯಾರೋ ಹಿಡಿದು ಬಿಟ್ಟ ಹಾಗೆ.

“ರೀ,” ಎಂದು ಬಾವಿಯೊಳಗೆ ಕೂಗಿದಳು.

“ಹೂಂ,” ಎಂದಿತು ಬಾವಿ. ಅವನು ಅರ್ಧ ದಾರಿಯಲ್ಲಿ, ಒಂದು ಮೆಟ್ಟುಗಲ್ಲಿನ ಮೇಲೆ ಗೋಡೆಗೆ ಕೆನ್ನೆಯೊತ್ತಿ ಕೂತಿದ್ದ. ಅಷ್ಟರಲ್ಲಿ ಸರಪಳಿ ಸದ್ದಾಗಿ ರೇಡಿಯೋ ಬಂದ. ಇಬ್ಬರೂ ಸೇರಿ ಅವನನ್ನು ಎಳೆದುಕೊಂಡರು.

ಕಟ್ಟೆಯ ಮೇಲೆ ಅಂಗಾತ ಮಲಗಿ, ನೀರು ಕುಡಿದು, ಬಹಳ ಹೊತ್ತಾದ ಮೇಲೆ ಬಾವಿಯಣ್ಣ ಮಾತಾಡಿದ. “ಬೇರು ಕಿತ್ತ ಮೇಲೆ ಹೂಳಿಗೆ ಗುದ್ದಲಿ ಹಾಕಿದೆ. ಬುಸ್ ಅಂತ ಕೆಟ್ಟ ಗಾಳಿ ಬಂತು. ವಾಸನೆ ಗೀಸನೆ ಏನೂ ಇಲ್ಲ. ನಿದ್ದೆ ಬಂತು. ಎಂಥ ಹಿತವಾದ ನಿದ್ದೆ ಅಂತೀಯಾ. ಕೂಸಿನ ತೊಟ್ಟಿಲ ಪಕ್ಕ ಮಲಗ್ತಿದ್ನಲ್ಲ, ಹಾಗೆ. ಕೂತ್ಕೊಂಡೆ. ಕೈ ಎಳೀತು. ಸುಮ್ನಿರೇ ಅಂದೆ. ಮತ್ತೆ ಎಳೀತು. ನಾನು ಕೇಳೇ ಇಲ್ಲ, ನೀನು ಎಳೀತಾನೇ ಇದ್ದೀಯ. ಸಿಟ್ಟು ಬಂತು ನಂಗೆ. ಇವಳಿಗೆ ಬೈದೇ ಬರಬೇಕು ಅಂತ ಎದ್ದೆ ನೋಡು, ಬೈಯೋಕೆ ಅಂತಲೇ ಎದ್ದಿದ್ದು. ನಾಲ್ಕು ಕಲ್ಲು ಹತ್ತಿದ ಮೇಲೆ ತಲೆ ತಿಳಿಯಾಯ್ತು.” ಅವನು ಕೈ ಎತ್ತಿ ತೋರಿಸಿದ. ಮಣಿಕಟ್ಟಿನ ಸುತ್ತ ಚರ್ಮ ಸುಲಿದಿತ್ತು. “ಇಷ್ಟು ಬಲ ನಿನ್ನ ಕೈಗೆ ಯಾವಾಗ ಬಂತೇ?”

ಅವಳು ಅವನ ಕೈಗೆ ಒದ್ದೆ ಬಟ್ಟೆ ಸುತ್ತಿದಳು.

ಸಂಜೆಯ ಹೊತ್ತಿಗೆ ಸುದ್ದಿ ಕೇರಿಯಲ್ಲೆಲ್ಲ ಹಬ್ಬಿತ್ತು. ರೇಡಿಯೋ ಇದ್ದ ಮೇಲೆ ಕೇಳಬೇಕೆ. ಅಕ್ಕಪಕ್ಕದವರು ಬಂದು ಜಗಲಿಯ ಮೇಲೆ ಕೂತರು. “ಯಮಭಾರದ ಗಂಡನ್ನ ಒಂದು ಕೈಯಲ್ಲಿ ಎಬ್ಬಿಸಿದಳಂತಲ್ಲ,” ಎಂದರು. “ಅವಳು ಬರೀ ಹಗ್ಗ ಎಳೆದ್ಲಾ? ಮೇಲೆ ಕೂತು ಪ್ರಾರ್ಥನೆ ಮಾಡ್ತಿದ್ಲು,” ಎಂದಳು ಎದುರುಮನೆಯ ಅಜ್ಜಿ. ಎಲ್ಲರೂ ತಲೆದೂಗಿದರು. ಹಗ್ಗದಕ್ಕ ಒಳಗೆ ಲೋಟಗಳನ್ನು ತೊಳೆಯುತ್ತಿದ್ದಳು. ಗೋಡೆಯ ಗೂಟದಲ್ಲಿ ಮಾತಿನ ಹಗ್ಗವನ್ನು ಸುರುಳಿ ಮಾಡಿ ಒಣಗಲು ಹಾಕಿದ್ದರು. ಅದರ ತುದಿ ಗಾಳಿಯಿಲ್ಲದೆಯೂ ಒಂದೊಂದು ಸಲ ಅಲ್ಲಾಡುತ್ತಿತ್ತು. ಅಥವಾ ಅವಳಿಗೆ ಹಾಗೆ ಕಾಣುತ್ತಿತ್ತು. ಅವಳು ಅದರ ಕಡೆ ಬೆನ್ನು ಹಾಕಿ ನಿಂತಳು. ಬೆನ್ನು ಹಾಕಿದ ಮೇಲೆ ಇನ್ನೂ ಭಯವಾಯಿತು.

ಅವಳನ್ನು ಹಿಂಡುತ್ತಿದ್ದುದು ಒಂದೇ ಯೋಚನೆ. ಹೇಳಿದರೆ ಗಂಡ ಇನ್ನೆಂದೂ ಅವಳ ಹಗ್ಗ ನಂಬಿ ಇಳಿಯಲಾರ. ಹೇಳದಿದ್ದರೆ ನಾಳೆ ಬೆಳಗ್ಗೆ ಟೋಪಿ ತೆಗೆದು ಅವಳ ಮುಂದೆ ತಲೆ ಬಗ್ಗಿಸುತ್ತಾನೆ. ಅವಳು ಬಾಯಿ ತೆರೆಯಬೇಕು. ಅವಳಿಲ್ಲದಾಗ ಆ ಹಗ್ಗ ಹಿಡಿದಿದ್ದವನೂ ಅಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಾನೆ.

ಬೆಳಗ್ಗೆ ಇಬ್ಬರೂ ಬಾವಿಗೆ ಹೋದರು. ಸೊಪ್ಪಿನ ಕಂತೆ ಕಟ್ಟಿ ಬಾವಿಯೊಳಗೆ ಒಂದು ಗಂಟೆ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಲಾಂದ್ರ ಇಳಿಬಿಟ್ಟು ಹೂಳನ್ನು ಗಳದಿಂದ ಎಲ್ಲ ಕಡೆ ಚುಚ್ಚಿದರು. ದೀಪ ಆರಲಿಲ್ಲ. ಬಾವಿಯಣ್ಣ ಟೋಪಿ ತೆಗೆದ.

“ತಡೀರಿ,” ಎಂದಳು ಹಗ್ಗದಕ್ಕ. “ನೆನ್ನೆ ನಾನು ಇಲ್ಲಿರಲಿಲ್ಲ.”

“ಎಲ್ಲಿರಲಿಲ್ಲ?”

“ಹಗ್ಗದ ಹತ್ರ. ಕಂಬಕ್ಕೆ ಕಟ್ಟಿ ಆ ಕೋಣೆಗೆ ಹೋಗಿದ್ದೆ.”

ಅವನು ಕಿಟಕಿಯ ಕಡೆ ನೋಡಿದ. ಯಾವ ಕೋಣೆ ಎಂದು ಕೇಳಲಿಲ್ಲ. “ಎಷ್ಟು ಹೊತ್ತು?”

“ಮುಕ್ಕಾಲು ಗಂಟೆ ಇರಬೇಕು.”

“ಕಂಬಕ್ಕೆ ಕಟ್ಟಿದೆ,” ಎಂದ ಅವನು, ಅದು ಬೇರೆ ಭಾಷೆಯ ಮಾತೇನೋ ಎಂಬಂತೆ. ಆಮೇಲೆ ಸುಲಿದ ಮಣಿಕಟ್ಟನ್ನು ನೋಡಿಕೊಂಡ. “ಮತ್ತೆ ನನ್ನ ಎಳೆದೋರು ಯಾರೇ?”

ಅವಳು ಹಗ್ಗದ ಸುರುಳಿಯನ್ನು ಕಟ್ಟೆಯ ಮೇಲಿಟ್ಟಳು. “ಇನ್ನೊಂದಿದೆ. ಕೂಸು ಹೋದಾಗಿಂದ ನಾನು ಪ್ರಾರ್ಥನೆ ಮಾಡಿಲ್ಲ. ಬಾಯಿ ಮಾಡ್ತಿತ್ತು. ನಾನಲ್ಲ.”

ಬಾವಿಯಣ್ಣ ಕಟ್ಟೆಯ ಮೇಲೆ ಕೂತುಬಿಟ್ಟ. ಮೊದಲನೆಯದಕ್ಕಿಂತ ಇದು ಅವನಿಗೆ ಹೆಚ್ಚು ತಗುಲಿತೆಂದು ಅವಳು ಕಂಡಳು. “ಮೂರು ವರ್ಷ,” ಎಂದ. “ಎಷ್ಟು ಬಾವಿ ಆಯ್ತು. ಅಷ್ಟಕ್ಕೂ ನಾನು ಬರೀ ಗಾಳಿ ನಂಬ್ಕೊಂಡು ಇಳಿದೆ ಅಂದಂಗಾಯ್ತು.”

“ನಾನೂ ಹಾಗೇ ಅಂದ್ಕೊಂಡಿದ್ದೆ. ನೆನ್ನೆವರೆಗೆ.”

ರೇಡಿಯೋ ದೂರದಲ್ಲಿ ಗೇಟಿನ ಹತ್ತಿರ ಯಾರೊಂದಿಗೋ ಹರಟುತ್ತಿದ್ದ. ಬಾವಿಯಣ್ಣ ಎದ್ದು ಮೊದಲ ಮೆಟ್ಟುಗಲ್ಲಿನ ಮೇಲೆ ಕಾಲಿಟ್ಟ. ಹಿಂದಕ್ಕೆ ತೆಗೆದುಕೊಂಡ. ಇನ್ನೊಮ್ಮೆ ಇಟ್ಟು ನೋಡಿದ. “ಆಗಲ್ಲ ಕಣೇ,” ಎಂದ. “ಇವತ್ತು ಆಗಲ್ಲ. ಇನ್ಮೇಲೆ ಆಗುತ್ತೋ ಇಲ್ವೋ ಅದೂ ಗೊತ್ತಿಲ್ಲ.”

ಅವಳು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಪ್ಪ ಹಗ್ಗ ತೆಗೆದು ತನ್ನ ಸೊಂಟಕ್ಕೆ ಬಿಗಿದಳು.

“ಏನೇ ಇದು?”

“ಮಾವನ ಗುದ್ದಲಿ ಕೆಳಗೇ ಉಳೀತಲ್ಲ. ನಾನು ತರ್ತೀನಿ. ಎಲ್ಲಾ ಕಾಲದಲ್ಲೂ ಮೇಲೇ ಕೂತಿದ್ದೀನಿ. ಕೆಳಗಿಂದ ಕೇಳೋರ ಕಷ್ಟ ನಂಗೆ ಗೊತ್ತೇ ಇಲ್ಲ.” ಮಾತಿನ ಹಗ್ಗದ ತುದಿಯನ್ನು ಎಡಗೈಗೆ ಸುತ್ತಿಕೊಂಡು ಇನ್ನೊಂದು ತುದಿಯನ್ನು ಅವನ ಕಡೆ ಚಾಚಿದಳು. “ನೀವು ಹಿಡೀರಿ. ಸಿಟ್ಟಿದ್ರೆ ಕಂಬಕ್ಕೆ ಕಟ್ಟಿ.”

ಅವನು ಅವಳನ್ನು ನೋಡಿದ, ಕಂಬವನ್ನು ನೋಡಿದ. “ಕೊಡು ಇಲ್ಲಿ,” ಎಂದು ಕಿತ್ತುಕೊಂಡ ಹಾಗೆ ಇಸಿದುಕೊಂಡು ಕೈಗೆ ಮೂರು ಸುತ್ತು ಸುತ್ತಿದ. “ಕಂಬಕ್ಕೆ ಕಟ್ಟೋ ಮನೆತನ ಅಲ್ಲ ನಮ್ದು.”

ರೇಡಿಯೋ ಓಡಿ ಬಂದ. “ಇದೇನಣ್ಣಾ, ಹೆಂಗಸನ್ನ ಇಳಿಸಿ ಗಂಡಸು ಕೂರೋದು. ನೋಡಿದೋರು ಏನಂತಾರೆ?”

“ನೀನು ಹೇಳಿದ್ರೆ ತಾನೆ ನೋಡೋರು. ರಾಟೆ ಹಿಡಿ.”

ಒಂದೊಂದೇ ಕಲ್ಲು ಇಳಿಯುತ್ತ ಹೋದಂತೆ ಮೇಲಿನ ಸದ್ದುಗಳು ಒಂದೊಂದಾಗಿ ಕಳಚಿದವು. ಮೊದಲು ಹಕ್ಕಿಗಳದು. ಆಮೇಲೆ ರಸ್ತೆಯ ವಾಹನಗಳದು. ಕೊನೆಗೆ ರೇಡಿಯೋನ ಮಾತೂ ನಿಂತಿತು. ತಳ ಮುಟ್ಟಿದಾಗ ಮೊಣಕಾಲಿನವರೆಗೆ ಹೂಳು ತಣ್ಣಗೆ ಕಚ್ಚಿಕೊಂಡಿತು. ತಲೆಯೆತ್ತಿ ನೋಡಿದರೆ ಆಕಾಶ ಒಂದು ತಟ್ಟೆಯಷ್ಟಿತ್ತು. ಅದರ ಅಂಚಿನಲ್ಲಿ ಯಾರ ಮುಖವೂ ಇರಲಿಲ್ಲ. ಗಂಡ ಹಗ್ಗ ಹಿಡಿದು ಕಟ್ಟೆಯ ಈಚೆ ಕೂತಿರುತ್ತಾನೆ, ಕೂತರೆ ಕಾಣುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಇನ್ನೊಮ್ಮೆ ತಲೆಯೆತ್ತಿ ನೋಡಿದಳು. ಕೆಳಗಿನವರಿಗೆ ಮೇಲಿನವರು ಒಂದು ಸಲವೂ ಕಾಣುವುದಿಲ್ಲವೆಂದು ಅವಳು ಯೋಚಿಸಿಯೇ ಇರಲಿಲ್ಲ. ಈ ಮನುಷ್ಯ ಇಷ್ಟು ವರ್ಷ ಹೀಗೆ ನಿಂತು ಕೆಲಸ ಮಾಡಿದ್ದ.

ಹಗ್ಗವನ್ನು ಹಿಡಿದುಕೊಂಡಳು. ಎಳೆಯಲು ಕೈ ಬರಲಿಲ್ಲ. ಎಳೆದರೆ ಉತ್ತರ ಬರದಿದ್ದರೆ ಎಂಬುದು ಒಂದು ಭಯ. ಬಂದರೆ ಎಂಬುದು ಅದಕ್ಕಿಂತ ದೊಡ್ಡ ಭಯ. ಮೂರು ವರ್ಷದ ಮೇಲೆ, ಮಾತು ಹುಡುಕದೆ, ತುಟಿಯಲ್ಲಿ ಸದ್ದೇ ಇಲ್ಲದೆ, “ಇದ್ದೀಯಾ ಸ್ವಾಮಿ” ಎಂದು ಒಂದು ಸಲ ಎಳೆದಳು.

ಉತ್ತರ ಬಂತು. ಗಿಡ್ಡನೆಯ, ಗಟ್ಟಿಯಾದ ಎಳೆತ. ಗಂಡನ ಕೈ.

ಒಂದು ಉಸಿರಿನಷ್ಟು ಹೊತ್ತು ಕಳೆಯಿತು. ಹಗ್ಗ ಇನ್ನೊಂದು ಸಲ ಎಳೆಯಿತು. ಮೆಲ್ಲಗೆ, ಉದ್ದಕ್ಕೆ, ನಿದ್ದೆಯಲ್ಲಿರುವ ಮಗುವಿನ ಕೈ ಹಿಡಿದು ನೋಡುವ ಹಾಗೆ.

ಬಾವಿಯ ಗೋಡೆಗಳಿಂದ ನೀರು ತೊಟ್ಟಿಕ್ಕುವುದು ನಿಂತ ಹಾಗಾಯಿತು. ಓಡಿಹೋಗಲು ಅಲ್ಲಿ ಜಾಗವಿರಲಿಲ್ಲ. ಹೂಳಿನಲ್ಲಿ ಹಾಗೇ ನಿಂತಳು, ಮೂರು ವರ್ಷ ಬಾರದ ಅಳು ಆಗ ಬಂತು. ಅದನ್ನು ಬರಲು ಬಿಟ್ಟು, ಕೈಯಿಂದ ತಡಕಾಡಿ ಗುದ್ದಲಿ ಹುಡುಕಿದಳು. ಗುದ್ದಲಿ ಸಿಕ್ಕಿತು. ಸಿಕ್ಕ ಮೇಲೆ ಸುಮ್ಮನೆ ನಿಲ್ಲುವುದೇಕೆಂದು ಒಂದು ಬುಟ್ಟಿ ಹೂಳು ತುಂಬಿದಳು, ಎರಡು ಸಲ ಎಳೆದಳು, ಬುಟ್ಟಿ ಹೋಯಿತು. ಇನ್ನೊಂದು ತುಂಬಿದಳು. ನಡುನಡುವೆ ‘ಇದ್ದೀಯಾ’ ಎಂದು ಕೇಳಿದಳು. ಪ್ರತಿ ಸಲವೂ ಒಂದು ಉತ್ತರ, ಅದರ ಹಿಂದೆ ಇನ್ನೊಂದು. ಭಯ ಹೋಗಲಿಲ್ಲ. ಅದರ ಜೊತೆಗೇ ಕೆಲಸ ಸಾಗಿತು.

ಒಂಬತ್ತು ಬುಟ್ಟಿ ತುಂಬಿ ಮೂರು ಸಲ ಎಳೆದು ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಬಾವಿಯಣ್ಣ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕೂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

“ಒಂದು ಕೇಳ್ತೀನಿ, ನಿಜ ಹೇಳು,” ಎಂದ. “ನಾನು ಉತ್ತರ ಕೊಟ್ಟ ಮೇಲೂ ಪ್ರತಿ ಸಲ ಇನ್ನೊಂದು ಎಳೆತ ಬರ್ತಿತ್ತು. ಮೆಲ್ಲಗೆ. ನಾನು ಎದ್ದಿದ್ದೀನಾ ಅಂತ ಪರೀಕ್ಷೆ ಮಾಡ್ತಿದ್ದೆಯಾ?”

ಹಗ್ಗದಕ್ಕ ಕೆಸರು ಕೈಯನ್ನು ಸೀರೆಗೆ ಒರೆಸಿಕೊಂಡಳು. “ನಾನು ಅಂದ್ಕೊಂಡ್ರಾ? ನಂಗೂ ಬರ್ತಿತ್ತು,” ಎಂದಳು.

ಇಬ್ಬರೂ ಹಗ್ಗವನ್ನು ನೋಡಿದರು. ಅವನ ಕೈಯಿಂದ ಅವಳ ಕೈಯವರೆಗೆ ಅದು ಕಟ್ಟೆಯ ಕಲ್ಲಿನ ಮೇಲೆ ಸಡಿಲವಾಗಿ, ಕೆಸರು ಮೆತ್ತಿಕೊಂಡು ಬಿದ್ದಿತ್ತು. ಎಂಟಾಣೆ ಹಗ್ಗ. ರೇಡಿಯೋ ಒಬ್ಬರಿಂದೊಬ್ಬರಿಗೆ ಕಣ್ಣು ಆಡಿಸಿದ.

ಮಧ್ಯಾಹ್ನದ ಊಟ ಮೂವರೂ ಅಲ್ಲೇ ಮುಗಿಸಿದರು. ಕೈ ತೊಳೆದು ಬಂದ ಬಾವಿಯಣ್ಣ ಹಗ್ಗದ ಒಂದು ತುದಿಯನ್ನು ತನ್ನ ಕೈಗೆ, ಸುಲಿದ ಜಾಗ ತಪ್ಪಿಸಿ ಮೇಲಕ್ಕೆ ಸುತ್ತಿಕೊಂಡ. ಇನ್ನೊಂದು ತುದಿಯನ್ನು ಅವಳಿಗೆ ಕೊಟ್ಟ. ಅವಳು ಎಡಗೈಗೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಅವನು ಟೋಪಿ ತೆಗೆದು ತಲೆ ಬಗ್ಗಿಸಿದ.

ಅವಳು ದೊಡ್ಡ ಪ್ರಾರ್ಥನೆ ಮಾಡಲಿಲ್ಲ. “ಇದ್ದೀಯಾ ಸ್ವಾಮಿ” ಎಂದಳು, ಅಷ್ಟೇ. ಆಮೆನ್ ಎನ್ನಲಿಲ್ಲ. ಕಣ್ಣು ತೆರೆದೇ ಇಟ್ಟುಕೊಂಡು, ಕೇಳಿದವರು ಕಾಯುವ ಹಾಗೆ ಕಾದಳು. ಬಾವಿಯಣ್ಣ ತಲೆಯೆತ್ತದೆ ಕಾದ. ರೇಡಿಯೋ ರಾಟೆಯ ಹಗ್ಗ ಹಿಡಿದು ಕಾದ. ಹಿತ್ತಲಿನಲ್ಲಿ ಒಂದು ಎಲೆಯೂ ಅಲ್ಲಾಡಲಿಲ್ಲ.

ಆಮೇಲೆ ಅವಳು ಎಡಗೈಯನ್ನು ಒಮ್ಮೆ ನೋಡಿಕೊಂಡು, “ಇಳೀರಿ,” ಎಂದಳು.